ತವರಿಲ್ಲದ ಮಾತು

ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಆ ಒಂದು ಇಂಗ್ಲಿಷ್ ಕ್ರಿಯಾಪದವನ್ನು ಎರಡು ದಿನ ಹೇಳಿಕೊಡುತ್ತೇವೆ. ಸೋಮವಾರ ಮೊದಲ ಅರ್ಧ, ಗುರುವಾರ ಉಳಿದ ಅರ್ಧ. ಸೋಮವಾರ ಹುಡುಗಿಯರು ಹಲ್ಲು ಕಾಣುವಂತೆ ತುಟಿ ಅಗಲಿಸಿ ‘ಕೀ’ ಎನ್ನುತ್ತಾರೆ, ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿನವರೆಗೆ ಕೋಳಿಮರಿಗಳ ಹಾಗೆ. ಗುರುವಾರ ತುಟಿ ಮುಚ್ಚಿ, ಮೆಲ್ಲಗೆ ಒಡೆದು ‘ಪ್’ ಎನ್ನುತ್ತಾರೆ. ನಡುವೆ ಮಂಗಳವಾರ, ಬುಧವಾರ ಬೇಕೆಂದೇ ಬಿಟ್ಟಿದ್ದೇವೆ. ಎರಡು ಅರ್ಧಗಳನ್ನು ಒಂದೇ ಉಸಿರಿನಲ್ಲಿ ಸೇರಿಸಬಾರದು. ಇಪ್ಪತ್ತನಾಲ್ಕು ವರ್ಷದಿಂದ ನಾನೇ ಆ ಪಾಠ ಮಾಡುತ್ತಿದ್ದೇನೆ. ನಾನೂ ಸೇರಿಸಿಲ್ಲ. ಬರೆದರೆ ಏನೂ ಆಗುವುದಿಲ್ಲ, ಹಾಗಾಗಿ ಇಲ್ಲಿ ಒಮ್ಮೆ ಬರೆಯುತ್ತೇನೆ: ಕೀಪ್.

ನಮ್ಮ ಊರಿನ ಹೆಣ್ಣು ಬದುಕಿನಲ್ಲಿ ಒಮ್ಮೆ, ಕಣ್ಣೆದುರಿಗಿನ ಯಾವುದನ್ನಾದರೂ ನೋಡುತ್ತ ಆ ಮಾತನ್ನು ಪೂರ್ತಿ ಹೇಳಿದರೆ ಅದು ಆ ಕ್ಷಣ ಹೇಗಿತ್ತೋ ಹಾಗೇ ನಿಲ್ಲುತ್ತದೆ. ಎರಡನೆಯ ಸಲ ಹೇಳಿದರೆ ಬರೀ ಗಾಳಿ. ಗಂಡಸರು ಹೇಳಿದರೂ, ಹೊರಗಿನಿಂದ ಬಂದ ಸೊಸೆಯರು ಹೇಳಿದರೂ ಬರೀ ಗಾಳಿ. ನಿಲ್ಲಿಸಿದ್ದನ್ನು ದಿನಕ್ಕೊಮ್ಮೆ, ದೀಪ ಹಚ್ಚುವುದರೊಳಗೆ, ಹೇಳಿದವಳೇ ಕಣ್ಣಾರೆ ನೋಡಬೇಕು. ಒಂದು ದಿನ ತಪ್ಪಿದರೆ ಅಷ್ಟು ವರ್ಷ ತಡೆದಿಟ್ಟ ಕಾಲವೆಲ್ಲ ಒಟ್ಟಿಗೆ ಅದರ ಮೇಲೆ ಬೀಳುತ್ತದೆ. ನಮ್ಮ ಊರಿಗೆ ಇರುವುದು ಒಂದೇ ಬಸ್ಸು. ಬೆಳಿಗ್ಗೆ ಹೋದರೆ ಮರುದಿನ ಬೆಳಿಗ್ಗೆಯೇ ಬರುವುದು. ಹಾಗಾಗಿ ಏನನ್ನಾದರೂ ಇಟ್ಟುಕೊಂಡ ಹೆಂಗಸರು ಊರು ಬಿಡುವುದಿಲ್ಲ. ಬಸ್ಸಿನಲ್ಲಿ ಹೋಗುವವರೆಲ್ಲ ಗಂಡಸರು, ಮಕ್ಕಳು, ಸೊಸೆಯರು, ಮತ್ತೆ ನನ್ನಂಥ ಒಬ್ಬಿಬ್ಬರು.

ಶಾಲೆಯ ಬೀರುವಿನಲ್ಲಿ ಒಂದು ದಪ್ಪ ನಿಘಂಟು ಇದೆ. ಅದನ್ನು ಹೇಗೆ ಇಟ್ಟರೂ ಒಂದೇ ಪುಟಕ್ಕೆ ತೆರೆದುಕೊಳ್ಳುತ್ತದೆ. ಬೆರಳು ತಾಗಿ ತಾಗಿ ಆ ಪುಟದ ಅಂಚು ಎಣ್ಣೆ ಹಚ್ಚಿದ ಹಾಗೆ ಪಾರದರ್ಶಕವಾಗಿದೆ. ಆ ಮಾತಿನ ಅತಿ ಹಳೆಯ ಅರ್ಥ ಹಿಡಿದುಕೊಳ್ಳುವುದಲ್ಲ, ಕಣ್ಣಿಟ್ಟು ನೋಡುವುದು, ದಾರಿ ಕಾಯುವುದು ಎಂದಿದೆ. ಆಮೇಲೆ ಹಿಡಿಯುವುದು, ಕಾವಲಿರುವುದು, ಕೊಡದೆ ಇರುವುದು, ದನ ಸಾಕುವುದು, ಅಂಗಡಿ ನಡೆಸುವುದು, ಹಾಲು ಕೆಡದೆ ಉಳಿಯುವುದು, ಕೊಟ್ಟ ಮಾತಿಗೆ ತಪ್ಪದಿರುವುದು, ಬಿಡದೆ ಮಾಡುತ್ತಲೇ ಇರುವುದು. ಕೋಟೆಯ ಒಳಗಿನ ಕೊನೆಯ ಗೋಪುರಕ್ಕೂ ಅದೇ ಹೆಸರು, ಉಳಿದದ್ದೆಲ್ಲ ಬಿದ್ದ ಮೇಲೆ ಓಡಿ ಅಡಗುವ ಜಾಗಕ್ಕೆ. ಹದಿನೇಳನೆಯ ಅರ್ಥ ಹೆಂಗಸನ್ನು ಇಟ್ಟುಕೊಳ್ಳುವುದು. ಅದನ್ನು ನಾವು ಓದದೆ ದಾಟುತ್ತೇವೆ, ಹುಡುಗಿಯರು ಅದನ್ನೇ ಮೊದಲು ಓದಿರುತ್ತಾರೆ. ಕೊನೆಗೆ ಎರಡು ಸಾಲು: ಹುಟ್ಟು ತಿಳಿಯದು. ಬೇರೆ ಯಾವ ಭಾಷೆಯಲ್ಲೂ ಇದರ ಬಳಗದ ಮಾತು ಸಿಕ್ಕಿಲ್ಲ. ನನಗೆ ಪಾಠ ಹೇಳಿದ ಟೀಚರಮ್ಮ ಆ ಸಾಲಿಗೆ ಬಂದಾಗ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, ತವರಿಲ್ಲದ ಮಾತು ಕಣ್ರೇ ಇದು, ಹಿಂದೆ ಹೋಗೋಕೆ ಇದಕ್ಕೆ ಜಾಗ ಇಲ್ಲ, ಅದಕ್ಕೇ ಸಿಕ್ಕಿದ್ದನ್ನು ಬಿಡೋದಿಲ್ಲ ಎನ್ನುತ್ತಿದ್ದರು. ನಾನೂ ಪ್ರತಿ ವರ್ಷ ಅದನ್ನೇ ಹೇಳುತ್ತೇನೆ.

ಇಷ್ಟು ಎಚ್ಚರಿಕೆಯಿದ್ದರೂ ತಪ್ಪುಗಳಾಗುತ್ತವೆ. ನನ್ನ ವಿದ್ಯಾರ್ಥಿನಿ ಪಾರಿಜಾತ ಒಂದು ಗುರುವಾರ ಮಧ್ಯಾಹ್ನ ಸೋಮವಾರದ ಅರ್ಧವನ್ನು ನೆನಪಿಸಿಕೊಳ್ಳಲು ಹೋಗಿ ಎರಡನ್ನೂ ಕೂಡಿಸಿ ಹೇಳಿಬಿಟ್ಟಳು. ಆಗ ಅವಳು ನೋಡುತ್ತಿದ್ದದ್ದು ಕಿಟಕಿಯ ಗಾಜಿನ ಮೇಲಿನ ಒಂದು ನೊಣವನ್ನು. ಹದಿನೆಂಟು ವರ್ಷವಾಯಿತು. ನೊಣ ಅಲ್ಲೇ ಇದೆ, ಮುಂಗಾಲುಗಳನ್ನು ಒಂದಕ್ಕೊಂದು ಉಜ್ಜುತ್ತಿದ್ದ ಭಂಗಿಯಲ್ಲಿ. ಬಿಟ್ಟರೆ ಹೋಗುವುದು ಒಂದು ನೊಣ, ಬಿಟ್ಟುಬಿಡೇ ಎಂದು ಎಲ್ಲರೂ ಹೇಳಿದರು. ಅವಳು ಬಿಡಲಿಲ್ಲ. ಇರೋದು ಒಂದೇ ಅಲ್ವಾ ಟೀಚರ್ ಎಂದಳು. ಶಾಲೆ ಬಿಟ್ಟ ಮೇಲೆ ದಿನವೂ ಕಿಟಕಿಯ ಹತ್ತಿರ ಬಂದು ನೋಡಿ ಹೋಗುತ್ತಾಳೆ. ಹೊರ ಊರಿನ ಎರಡು ಸಂಬಂಧಗಳು ನೊಣದಿಂದಾಗಿ ತಪ್ಪಿದವು.

ಪಕ್ಕದ ಮನೆಯ ಕೆಂಚಮ್ಮನದು ಉಪ್ಪಿನಕಾಯಿ ಜಾಡಿ. ಹೊಸದಾಗಿ ಸುರಿದ ಒಗ್ಗರಣೆಯ ಗುಳ್ಳೆ ಇನ್ನೂ ಅಡಗದಿದ್ದಾಗ, ಅವಳ ತಂಗಿ ಪಕ್ಕದಲ್ಲಿ ಕೂತು ಜಾಡಿಯೊಳಗೆ ಕೈ ಹಾಕಿ ಒಂದು ಮಿಡಿ ಎತ್ತಿಕೊಂಡು ನಕ್ಕಿದ್ದಳಂತೆ. ಆ ಮಾತು ಹೇಳುವಾಗ ತಂಗಿಯನ್ನು ನೋಡಬೇಕೆಂದುಕೊಂಡು ಕೆಂಚಮ್ಮ ಜಾಡಿಯನ್ನು ನೋಡಿದಳು. ತಂಗಿ ಮದುವೆಯಾಗಿ ಹೋಗಿ ಅಲ್ಲೇ ತೀರಿಕೊಂಡಳು. ಜಾಡಿಯಲ್ಲಿ ಎಣ್ಣೆಯ ಗುಳ್ಳೆಗಳು ಇಂದಿಗೂ ಹಾಗೇ ಇವೆ, ತಂಗಿಯ ಬೆರಳು ಬಿಟ್ಟ ಗುಳಿಯೂ.

ನಮ್ಮ ಮನೆಯಲ್ಲಿರುವುದು, ಇದ್ದದ್ದು, ನನ್ನ ಅಪ್ಪ.

ಅವರು ಹಿತ್ತಲ ಬಾಗಿಲಿನಲ್ಲಿ ನಮಗೆ ಬೆನ್ನು ಮಾಡಿ ನಿಂತಿದ್ದರು. ಎಡಗಾಲು ಹೊಸ್ತಿಲ ಒಳಗೆ. ಬಲಗಾಲು ಎತ್ತಿದ್ದು, ಹೊಸ್ತಿಲು ದಾಟಿ, ಮೆಟ್ಟಿಲಿಗೆ ಇನ್ನೂ ನಾಲ್ಕು ಬೆರಳು ಮೇಲೆ. ಬಲಗೈಯಲ್ಲಿ ಒಂದು ಖಾಕಿ ಚೀಲ. ಕುತ್ತಿಗೆಗೆ ಹಾಕಿಕೊಂಡ ಅಳತೆ ಟೇಪು, ಅವರು ದರ್ಜಿ. ಕತ್ತಿನ ಹಿಂದೆ, ಕೂದಲು ಮುಗಿಯುವ ಕಡೆ, ಒಂದು ಬೆವರ ಹನಿ. ನನಗೆ ಎಂಟು ವರ್ಷವಾಗಿದ್ದಾಗ ಅದು ಅಲ್ಲಿಂದ ಜಾರಬೇಕಾಗಿತ್ತು.

ಅವ್ವ ಈ ಕಥೆಯನ್ನು ನನಗೆ ಒಂದೇ ಸಲ ಹೇಳಿದ್ದು. ಪಕ್ಕದ ಪಟ್ಟಣದಲ್ಲಿ ಅಪ್ಪ ಒಬ್ಬಳನ್ನು ಇಟ್ಟುಕೊಂಡಿದ್ದಾರೆಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಅವ್ವ ಅದನ್ನು ಕೇಳಿಯೂ ಕೇಳದ ಹಾಗಿದ್ದಳು. ಅವತ್ತು ಅವಳು ನಡುಮನೆಯಲ್ಲಿ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಅಪ್ಪ ಚೀಲ ಹಿಡಿದು ಹಿತ್ತಲ ಬಾಗಿಲಿಗೆ ನಡೆದರು. ದಿನವೂ ಮನೆಯಿಂದ ಹೊರಡುವಾಗ ‘ಬರ್ತೀನಿ’ ಎನ್ನುತ್ತಿದ್ದವರು ಅವತ್ತು ‘ಹೋಗ್ತೀನಿ’ ಎಂದರು. ನಮ್ಮಲ್ಲಿ ಯಾರು ಹಾಗೆ ಅನ್ನುತ್ತಾರೆ? ಸಾಯುವವರೂ ಅನ್ನುವುದಿಲ್ಲ. ಅವ್ವ ತಲೆಯೆತ್ತಿದಳು. ಅವರ ಭುಜ ಅಲುಗುತ್ತಿತ್ತು.

‘ಅಳ್ತಾ ಇದ್ರು ಕಣೆ ಮಂಗಳಿ’ ಎಂದಿದ್ದಳು ಅವ್ವ. ‘ನಗ್ತಾ ಹೋಗೋರನ್ನ ಬಿಟ್ಟುಬಿಡಬೋದು. ಅಳ್ತಾ ಹೋಗೋರನ್ನ ಹೆಂಗೆ ಬಿಡೋದು?’

ಅವಳ ಬಾಯಿಂದ ಆ ಮಾತು ಹೊರಟಿತು. ಅಪ್ಪ ನಿಂತರು.

ಮಕ್ಕಳಿಗೆ ಯಾವುದೂ ವಿಚಿತ್ರವಲ್ಲ. ನಾನು ಅವರ ಸುತ್ತಲೇ ಬೆಳೆದೆ. ಎಂಟರಲ್ಲಿ ಅವರ ಸೊಂಟಕ್ಕೆ ಬರುತ್ತಿದ್ದೆ, ಹನ್ನೆರಡರಲ್ಲಿ ಹೆಗಲ ಹತ್ತಿರಕ್ಕೆ, ಹದಿನಾರಕ್ಕೆ ಬೆವರ ಹನಿಯವರೆಗೆ, ಅಲ್ಲಿಗೆ ನಿಂತೆ. ಪರೀಕ್ಷೆಯ ದಿನಗಳಲ್ಲಿ ಅವರ ಎಡಗಾಲಿಗೆ ಒರಗಿ ಕೂತು ಓದುತ್ತಿದ್ದೆ. ಕಾಲು ಬೆಚ್ಚಗಿರುತ್ತಿತ್ತು. ಕಿವಿಯಿಟ್ಟರೆ ಏನೂ ಕೇಳುತ್ತಿರಲಿಲ್ಲ, ಆದರೆ ಏನೋ ಈಗತಾನೆ ಕೇಳಿ ನಿಂತುಹೋದ ಹಾಗಿರುತ್ತಿತ್ತು. ಬಾಗಿಲನ್ನು ಮಾತ್ರ ನಲವತ್ತೊಂದು ವರ್ಷ ಮುಚ್ಚಲಾಗಲಿಲ್ಲ. ಚಳಿಗಾಲದಲ್ಲಿ ಅವರ ಎರಡೂ ಬದಿಯಿಂದ ಗಾಳಿ ಒಳಗೆ ಬರುತ್ತಿತ್ತು. ಬೆಕ್ಕುಗಳು ಅವರ ಎತ್ತಿದ ಕಾಲಿನ ಕೆಳಗಿನಿಂದ ನುಸುಳಿ ಬರುತ್ತಿದ್ದವು. ಬೀದಿಯಲ್ಲಿ ಸಿಕ್ಕವರು ನಿಮ್ಮಪ್ಪ ಹೇಗಿದ್ದಾರೆ ಎಂದು ಕೇಳಿದರೆ, ನಿಂತಿದ್ದಾರೆ ಎನ್ನುತ್ತಿದ್ದೆ. ಅವರು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು.

ಅವ್ವ ದಿನವೂ ಸಂಜೆ ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ನಡುಮನೆಯ ಕಂಬದ ಹತ್ತಿರ ನಿಂತು ಅವರ ಬೆನ್ನು ನೋಡುತ್ತಿದ್ದಳು. ಎಷ್ಟು ಹೊತ್ತು ಎಂದು ನಾನು ಎಣಿಸಿಲ್ಲ. ಆಮೇಲೆ ದೀಪ. ಹಿತ್ತಲಿಗೆ ಅವಳು ಒಮ್ಮೆಯೂ ಹೋಗಲಿಲ್ಲ. ಮನೆಯ ಪಕ್ಕದ ಸಂದಿಯಿಂದ ಹೋದರೆ ಹಿತ್ತಲು ಸಿಗುತ್ತದೆ, ಇಪ್ಪತ್ತು ಹೆಜ್ಜೆ ಅಷ್ಟೆ. ಬಟ್ಟೆ ಒಣಗಿಸುವುದು, ಸೊಪ್ಪು ಕೀಳುವುದು, ಎಲ್ಲ ನನ್ನ ಕೆಲಸ. ಹೋದಾಗ ತಲೆ ಎತ್ತಬಾರದು ಎಂದು ಕಟ್ಟುನಿಟ್ಟು ಮಾಡಿದ್ದಳು. ಅವರು ನಮಗೆ ಕೊಟ್ಟಿದ್ದು ಬೆನ್ನು, ಬೆನ್ನೇ ಸಾಕು ಎನ್ನುತ್ತಿದ್ದಳು.

ಹನ್ನೆರಡನೆಯ ವರ್ಷ ನುಗ್ಗೆಸೊಪ್ಪು ಕೀಳಲು ಹೋದವಳು ತಲೆ ಎತ್ತಿದೆ.

ಅಪ್ಪ ನಗುತ್ತಿದ್ದರು. ಜೋರು ನಗೆಯಲ್ಲ. ತುಟಿ ಬಿಗಿಹಿಡಿದರೂ ನಿಲ್ಲದೆ ಭುಜದವರೆಗೆ ಇಳಿಯುತ್ತದಲ್ಲ, ಅಂಥದ್ದು. ಅವರ ಕಣ್ಣು ಹಿತ್ತಲಿನ ಗೇಟಿನ ಮೇಲಿತ್ತು. ಆ ಮುಖವನ್ನು ಎಲ್ಲಿಯೋ ಕಂಡಿದ್ದೇನೆ ಅನ್ನಿಸಿತು, ಎಲ್ಲಿ ಎಂದು ಹೊಳೆಯಲು ನಾನು ಟೀಚರಾಗಬೇಕಾಯಿತು. ಶನಿವಾರ ಶಾಲೆಯ ಕೊನೆಯ ಗಂಟೆ ಹೊಡೆದ ಕೂಡಲೆ ಹುಡುಗಿಯರ ಮುಖ ಹಾಗಾಗುತ್ತದೆ.

ಸೊಪ್ಪು ತಂದು ಅವ್ವನ ಮುಂದೆ ಇಟ್ಟೆ. ಅವಳು ಎಲೆ ಬಿಡಿಸುತ್ತ, ತಲೆ ಎತ್ತಲಿಲ್ಲ ತಾನೆ ಎಂದಳು. ಇಲ್ಲ ಎಂದೆ. ಅವತ್ತಿನಿಂದ ನನ್ನೊಳಗೂ ಒಂದು ಬಾಗಿಲು ಮುಚ್ಚದೆ ನಿಂತಿತು.

ಬಹುಶಃ ಅದಕ್ಕೇ ನನ್ನ ಮಾತು ನನ್ನ ಹತ್ತಿರವೇ ಉಳಿಯಿತು. ಇಪ್ಪತ್ತೇಳರಲ್ಲಿ ಒಮ್ಮೆ ಅದು ಗಂಟಲಿನವರೆಗೆ ಬಂದಿತ್ತು. ಶಾಲೆಗೆ ಎರಡು ವರ್ಷಕ್ಕೆಂದು ಬಂದಿದ್ದ ಚಿತ್ರಕಲೆಯ ಮೇಷ್ಟ್ರು ವರ್ಗವಾಗಿ ಹೊರಟಿದ್ದರು. ಬಸ್ಸಿನ ಕಿಟಕಿಯಲ್ಲಿ ಅವರ ಮುಖ, ಕೆಳಗೆ ನಾನು. ಅವರು ಏನನ್ನೋ ಹೇಳಲು ಬಾಯಿ ತೆರೆದಿದ್ದರು. ಆ ಕ್ಷಣ ಹೇಳಿದ್ದರೆ ನಮ್ಮ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇವತ್ತಿಗೂ ಒಂದು ಬಾಯಿ ತೆರೆದ ಮುಖ ಇರುತ್ತಿತ್ತು, ಆಡದ ಮಾತಿನ ಸಮೇತ. ನಾನು ತುಟಿ ಬಿಗಿದುಕೊಂಡೆ. ಬಸ್ಸು ಹೋಯಿತು. ಊರಿನವರಿಗೆ ನಾನು ತಮಾಷೆಯಾದೆ. ಕೆಂಚಮ್ಮ ಬೇಲಿಯಾಚೆಯಿಂದ, ಏನವ್ವ ಟೀಚರಮ್ಮ, ನಿನ್ನ ಮಾತು ಪೆಟ್ಟಿಗೇಲಿಟ್ಟ ಮದುವೆ ಸೀರೆ ಥರ ಮಡಿಕೇಲೇ ಹರಿದು ಹೋಗುತ್ತೆ ನೋಡು ಎನ್ನುತ್ತಿದ್ದಳು. ಅವ್ವ ಅವಳ ಜಾಡಿಯನ್ನು ಹೀಯಾಳಿಸಿದ ದಿನ ಮಾತ್ರ ಅವಳ ನಾಲಗೆ ನಮ್ಮ ಮನೆಯೊಳಕ್ಕೆ ಬಂತು.

‘ನಂದು ಉಪ್ಪಿನಕಾಯೇ ಕಣಕ್ಕ’ ಎಂದಳು. ‘ಆದ್ರೆ ನಂದು ನಂಗೆ ಮುಖ ತೋರಿಸುತ್ತೆ.’

ಅವ್ವ ಆರು ತಿಂಗಳು ಅವಳನ್ನು ಮಾತಾಡಿಸಲಿಲ್ಲ.

ಹೋದ ವರ್ಷ ಅವ್ವ ಸಂಜೆ ಕಂಬದ ಹತ್ತಿರ ನಿಲ್ಲುವುದನ್ನು ಬಿಟ್ಟು ಎರಡು ಹೆಜ್ಜೆ ಮುಂದೆ ನಿಲ್ಲತೊಡಗಿದಳು. ಆಮೇಲೆ ಇನ್ನೆರಡು ಹೆಜ್ಜೆ. ದೀಪಾವಳಿಯ ಹೊತ್ತಿಗೆ ಅವರ ಬೆನ್ನಿಗೆ ಮೂಗು ತಾಗುವಷ್ಟು ಹತ್ತಿರ. ಕಣ್ಣಿನ ಕ್ಯಾಂಪಿಗೆ ಬಂದ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಲಿತಿದೆ, ಕೂಡಲೇ ನಗರದ ಆಸ್ಪತ್ರೆಗೆ ಬಂದು ಆಪರೇಷನ್ ಮಾಡಿಸಬೇಕು, ತಡಮಾಡಿದರೆ ಏನೂ ಮಾಡಲಾಗದು ಎಂದರು. ಎಂಟು ದಿನ ಅಲ್ಲೇ ಇರಬೇಕು. ಅವ್ವ ಡಾಕ್ಟರಿಗೆ ಕೈಮುಗಿದು ಮನೆಗೆ ಬಂದಳು. ಊರು ಬಿಟ್ಟರೆ ಅಪ್ಪನನ್ನು ನೋಡುವವರಿಲ್ಲ. ಬಿಡದಿದ್ದರೆ ಇನ್ನೆರಡು ತಿಂಗಳಲ್ಲಿ ನೋಡುವ ಕಣ್ಣೇ ಇಲ್ಲ. ಹೇಗೆ ಲೆಕ್ಕ ಹಾಕಿದರೂ ಅಪ್ಪ ಉಳಿಯುತ್ತಿರಲಿಲ್ಲ.

ಒಂದು ದಾರಿಯಿತ್ತು. ಅವಳು ಅದನ್ನು ಹೇಳಲು ಹದಿನೈದು ದಿನ ತೆಗೆದುಕೊಂಡಳು. ಒಂದು ಬೆಳಿಗ್ಗೆ ನಾನು ಅವಳ ತಲೆ ಬಾಚುತ್ತಿದ್ದೆ. ಅವಳು ಎದುರಿಗಿನ ಗೋಡೆಗೆ ಹೇಳುವ ಹಾಗೆ ಹೇಳಿದಳು.

‘ನಿಂದು ಇನ್ನೂ ಇದೆಯಲ್ಲ, ಮಂಗಳಿ.’

ನನ್ನ ಕೈ ನಿಂತಿತು. ಇದೆ ಎಂದೆ. ಯಾರಿಗೆ ಅಂತ ಇಟ್ಕೊಂಡಿದ್ದೀಯ ಎಂದು ಕೇಳಿದಳು. ಯಾರಿಗೂ ಇಲ್ಲ ಎಂದೆ. ಹಾಗಾದರೆ ನಿಮ್ಮಪ್ಪನಿಗೆ ಕೊಡು ಎಂದಳು. ತಾನು ಬಸ್ಸು ಹತ್ತಿದ ದಿನ, ಸಂಜೆ ದೀಪದ ಹೊತ್ತಿಗೆ ಮುಂಚೆ ನಾನು ಅವರ ಬೆನ್ನು ನೋಡುತ್ತ ಹೇಳಬೇಕು. ಅಕ್ಕ ಇಟ್ಟದ್ದನ್ನು ತಂಗಿ, ತಾಯಿ ಇಟ್ಟದ್ದನ್ನು ಮಗಳು ಹೀಗೆ ಮುಂದುವರಿಸಿದ್ದು ಊರಿನಲ್ಲಿ ಎರಡು ಮೂರು ಮನೆಗಳಲ್ಲಿದೆ. ಆಮೇಲೆ ದಿನವೂ ನಾನು ನೋಡಬೇಕು. ಕಣ್ಣು ಬಂದ ಮೇಲೆ ತಾನೂ ಜೊತೆಗೆ ನಿಂತು ನೋಡುತ್ತೇನೆ ಎಂದಳು, ಸಮಾಧಾನ ಹೇಳುವ ಹಾಗೆ.

ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಬಂದದ್ದು ಭಯ, ಯಾಕೆಂದರೆ ನನ್ನೊಳಗೆ ಯಾವುದೋ ಒಂದು ಆಗಲೇ ಒಪ್ಪಿಕೊಂಡಿತ್ತು. ನಲವತ್ತೊಂಬತ್ತು ವರ್ಷದ ನನಗೆ ಆ ಬೆನ್ನಿಗಿಂತ ಹಳೆಯ ಗೆಳತಿಯಿರಲಿಲ್ಲ. ಮೂವತ್ತನಾಲ್ಕರ ಆ ಗಂಡಸು ಈಗ ನನಗಿಂತ ಹದಿನೈದು ವರ್ಷ ಚಿಕ್ಕವರು. ತಡೆದಿಟ್ಟ ಕಾಲ ಮೇಲೆ ಬಿದ್ದರೆ ಒಂದೇ ಉಸಿರಿಗೆ ಎಪ್ಪತ್ತೈದಾಗುತ್ತಾರೆ, ಅವರ ಆಯಸ್ಸು ಅಷ್ಟಿದ್ದರೆ. ಇಲ್ಲದಿದ್ದರೆ ಏನಾಗುತ್ತದೆಂದು ನಾನು ನೋಡಿದ್ದೇನೆ. ಗುಂಡಮ್ಮಜ್ಜಿ ಸತ್ತ ಸಂಜೆ ಅವಳ ದೇವರ ಮನೆಯ ಅರವತ್ತು ವರ್ಷದ ಮಲ್ಲಿಗೆ ಮಾಲೆ ನೋಡುತ್ತಿದ್ದ ಹಾಗೆ ಬಿಳಿಯಿಂದ ಕಂದಾಗಿ, ಕಂದಿನಿಂದ ಕಪ್ಪಾಗಿ, ಕೊನೆಗೆ ಮೊಳೆಯ ಮೇಲೆ ಬರೀ ದಾರ.

ಆದರೆ ಆ ಮುಖ. ನಾನು ಹೇಳಿದರೆ ಅದನ್ನು ತಿಳಿದೂ ಹೇಳಿದ ಹಾಗೆ. ಅವ್ವ ತಿಳಿಯದೆ ಹೇಳಿದ್ದಳು.

ಹೊರಡುವ ಹಿಂದಿನ ದಿನ ಮಧ್ಯಾಹ್ನ, ಅವ್ವ ಊಟ ಮುಗಿಸಿ ಕೈ ತೊಳೆದವಳು ಕೂರಲಿಲ್ಲ. ನನ್ನ ಕಡೆ ಕೈ ಚಾಚಿ, ನನ್ನ ಹಿತ್ತಲಿಗೆ ಕರ್ಕೊಂಡು ಹೋಗು ಎಂದಳು. ಯಾಕೆ ಎಂದೆ. ಒಂದು ಸಲ ಅವರ ಮುಂದೆ ನಿಂತ್ಕೋತೀನಿ, ಕಣ್ಣು ಹೆಂಗೂ ಇಲ್ಲ, ಇನ್ನು ನೋಡಿದ ಹಂಗಾಗೋದಿಲ್ಲ ಎಂದಳು. ಬಿಸಿಲಿದೆ, ಸಂದಿಯಲ್ಲಿ ಕಲ್ಲುಗಳಿವೆ, ನಾಳೆ ಪ್ರಯಾಣ ಇದೆ, ನಾನು ಏನೇನೋ ಹೇಳಿದೆ. ಅವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಇಪ್ಪತ್ತು ಹೆಜ್ಜೆಯ ಸಂದಿ. ನನ್ನ ತೋಳು ಹಿಡಿದು, ಗೋಡೆ ಸವರುತ್ತ ಬಂದಳು. ಹಿತ್ತಲಿನ ಬಿಸಿಲು ಮೈಗೆ ತಾಗಿದಾಗ ಒಮ್ಮೆ ನಿಂತಳು. ಇದೇ ಊರಿನ ಮೇಲಿನ ಬೀದಿಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ತಾನೇ ನೆಟ್ಟ ನುಗ್ಗೆಮರ ಎಲ್ಲಿದೆ ಎಂದು ಕೇಳಿದಳು. ಅದು ಬಿದ್ದು ಇಪ್ಪತ್ತು ವರ್ಷವಾಗಿತ್ತು. ನಾನು ಅವಳನ್ನು ಮೆಟ್ಟಿಲ ಮೇಲೆ ಹತ್ತಿಸಿ ಅಪ್ಪನ ಎದುರು ನಿಲ್ಲಿಸಿದೆ.

ಅವಳ ಎರಡೂ ಕೈ ಮೊದಲು ಅಂಗಿಯ ಗುಂಡಿಗಳನ್ನು ಹುಡುಕಿದವು. ಅಲ್ಲಿಂದ ಟೇಪಿನ ಎರಡು ತುದಿಗಳನ್ನು ಹಿಡಿದು ಮೇಲೆ ಹತ್ತಿದವು. ಗಂಟಲು, ಗಲ್ಲ. ಗಲ್ಲದ ಮೇಲಿನ ಎರಡು ದಿನದ ಗಡ್ಡ. ಮುಖ ಮುಟ್ಟುವ ಮೊದಲು ಅವಳು ಸೆರಗಿನಲ್ಲಿ ಬೆರಳು ಒರೆಸಿಕೊಂಡಳು, ಕಣ್ಣೀರು ಒರೆಸಲು ಸಿದ್ಧವಾದ ಹಾಗೆ. ಹೆಬ್ಬೆರಳುಗಳು ನೇರವಾಗಿ ಕಣ್ಣಿನ ಕೆಳಗೆ ಹೋದವು. ಅಲ್ಲಿ ಒಣಗಿತ್ತು. ಮತ್ತೆ ಸವರಿದಳು. ಕಣ್ಣಿನ ತುದಿಯ ಮೂರು ಸುಕ್ಕುಗಳನ್ನು ಒಂದೊಂದಾಗಿ ಮುಟ್ಟಿದಳು. ಉಬ್ಬಿದ ಕೆನ್ನೆಯ ಮೇಲಿಂದ ಇಳಿದು ತುಟಿಯ ತುದಿಗೆ ಬಂದಳು, ಎಡಕ್ಕೊಂದು ಬೆರಳು, ಬಲಕ್ಕೊಂದು. ಅಲ್ಲಿ ಬೆರಳುಗಳು ಬಹಳ ಹೊತ್ತು ನಿಂತವು. ಅವಳೂ ಅವರೂ ಎದುರುಬದುರಾಗಿ ನಿಂತಿದ್ದರು, ಇಬ್ಬರಲ್ಲಿ ಯಾರು ಅಲುಗುತ್ತಿಲ್ಲ ಎಂದು ಹೇಳಲಾಗುತ್ತಿರಲಿಲ್ಲ.

‘ನಗ್ತಾ ಇದಾರೆ’ ಎಂದಳು ಅವ್ವ.

ನಾನು ಅವಳ ಜಾರಿದ ಸೆರಗನ್ನು ಹೆಗಲಿಗೆ ಎಳೆದು ಹಾಕಿದೆ.

‘ನಿಂಗೆ ಗೊತ್ತಿತ್ತು.’

ಹೂಂ ಎಂದೆ. ಯಾವತ್ತಿಂದ ಎಂದು ಅವಳು ಕೇಳಲಿಲ್ಲ. ಟೇಪಿನ ಒಂದು ತುದಿ ಇನ್ನೊಂದಕ್ಕಿಂತ ಉದ್ದವಾಗಿ ಇಳಿದಿತ್ತು. ಅದನ್ನು ಎಳೆದು ಎರಡನ್ನೂ ಸಮ ಮಾಡಿದಳು. ಆಮೇಲೆ ಬಾವಿಯ ಹತ್ತಿರ ಹೋಗಿ ಕೈ ತೊಳೆಸು ಎಂದಳು. ಸಂಜೆ ಕುಂಕುಮ ಇಟ್ಟುಕೊಂಡು ಎಂದಿನಂತೆ ಒಳಗಿನಿಂದ ಬೆನ್ನು ನೋಡಿದಳು. ದೀಪ ಹಚ್ಚಿದೆವು. ರಾಗಿ ಮುದ್ದೆ ಅರ್ಧ ತಿಂದು, ಸಾರಿಗೆ ಉಪ್ಪು ಕಡಿಮೆ ಎಂದಳು.

ಮರುದಿನ ಬೆಳಿಗ್ಗೆ ಕೆಂಚಮ್ಮನ ಸೊಸೆ ನೀಲಾವತಿ ಅವ್ವನ ಜೊತೆಗೆ ಹೊರಟಳು. ಅವಳು ಹೊರ ಊರಿನವಳು, ಅವಳನ್ನು ಕಟ್ಟಿಹಾಕುವಂಥದ್ದು ಇಲ್ಲಿ ಏನೂ ಇಲ್ಲ. ಅವ್ವ ಬಸ್ಸು ಹತ್ತುತ್ತಿರುವುದನ್ನು ನೋಡಲು ಬಸ್‌ಸ್ಟ್ಯಾಂಡಿನಲ್ಲಿ ಹೆಂಗಸರು ಸೇರಿದ್ದರು. ಎಲ್ಲರೂ ನನ್ನ ಬಾಯಿಯನ್ನು ನೋಡುತ್ತಿದ್ದರು. ನಾನು ಅವ್ವ ಏನಾದರೂ ಹೇಳುತ್ತಾಳೆಂದು ಕಾದೆ. ಹೇಳು ಅಂದರೆ ಹೇಳುತ್ತಿದ್ದೆ. ಬೇಡ ಅಂದರೆ ಬಿಡುತ್ತಿದ್ದೆ. ಅವಳು ಸೀಟಿನಲ್ಲಿ ಕೂತು, ನನ್ನ ಕೈ ಎಲ್ಲಿದೆಯೆಂದು ತಡಕಿ ಹಿಡಿದಳು.

‘ಹೋಗಿ ಬರ್ತೀನಿ’ ಎಂದಳು. ಅಷ್ಟೇ.

ಅವತ್ತು ನಾನು ಶಾಲೆಗೆ ರಜೆ ಹಾಕಿದೆ. ಮನೆ ಗುಡಿಸಿದೆ, ಎರಡು ಸಲ. ಮಧ್ಯಾಹ್ನ ಅಪ್ಪನ ಎಡಗಾಲಿಗೆ ಒರಗಿ ಕೂತೆ, ಇಪ್ಪತ್ತೈದು ವರ್ಷದ ಮೇಲೆ. ಬೆಚ್ಚಗಿತ್ತು. ಎತ್ತಿದ ಕಾಲಿನ ನೆರಳು ಮೆಟ್ಟಿಲ ಮೇಲೆ ನಿಧಾನವಾಗಿ ತಿರುಗಿತು, ಗಡಿಯಾರದ ಮುಳ್ಳಿನ ಹಾಗೆ. ಕೆಂಚಮ್ಮ ಬೇಲಿಯ ಹತ್ತಿರ ಬಂದು ಒಂದು ಬಟ್ಟಲು ಮಜ್ಜಿಗೆ ಇಟ್ಟು ಹೋದಳು.

ಹೊತ್ತು ಇಳಿಯಿತು. ನಾನು ಎದ್ದು ಕಂಬದ ಹತ್ತಿರ ನಿಂತೆ, ಅವ್ವ ಮೊದಲು ನಿಲ್ಲುತ್ತಿದ್ದ ಜಾಗದಲ್ಲಿ. ಅಲ್ಲಿ ನೆಲದ ಕೆಂಪು ಗಾರೆ ಎರಡು ಪಾದದಷ್ಟು ಸವೆದಿತ್ತು. ನನ್ನ ಪಾದಗಳು ಅದರಲ್ಲಿ ಸರಿಯಾಗಿ ಕೂತವು. ಅದು ನನಗೆ ಹಿಡಿಸಲಿಲ್ಲ, ಆದರೂ ಕಾಲು ತೆಗೆಯಲಿಲ್ಲ. ಹೊರಗೆ ಬೆಳಕು ಕೆಂಪಾಯಿತು. ಅವರ ಬೆನ್ನು ಕಪ್ಪಾಯಿತು. ಹಿತ್ತಲಾಚೆಯ ಮನೆಯಲ್ಲಿ ಯಾರೋ ಬೆಂಕಿಕಡ್ಡಿ ಗೀರುವ ಸದ್ದು ಕೇಳಿದಾಗ ನನ್ನ ಬಾಯಿ ತಾನಾಗಿ ತೆರೆದು, ಹಲ್ಲು ಕಾಣುವಂತೆ ತುಟಿ ಅಗಲವಾಗಿ, ಸೋಮವಾರದ ಅರ್ಧ ಹೊರಗೆ ಬಂತು.

‘ಕೀ…’

ಇಪ್ಪತ್ತನಾಲ್ಕು ವರ್ಷ ಎಷ್ಟು ಸೋಮವಾರ ಹೇಳಿದ್ದೆನೋ. ಅಷ್ಟು ಸಲವೂ ಅಲ್ಲಿಗೇ ನಿಲ್ಲಿಸಿದ್ದೆ. ಈಗ ತುಟಿ ಮುಚ್ಚಿದರೆ ಸಾಕಿತ್ತು. ಗುರುವಾರದ ಅರ್ಧಕ್ಕೆ ಬೇಕಾದದ್ದು ಅಷ್ಟೆ, ತುಟಿಗೆ ತುಟಿ ತಾಗಬೇಕು. ಉಸಿರು ಎಳೆದ ದಾರದ ಹಾಗೆ ಹೋಗುತ್ತಲೇ ಇತ್ತು. ಬೆವರ ಹನಿಯನ್ನು ನೋಡುತ್ತಿದ್ದೆ. ಅದರಾಚೆ, ಬೆನ್ನಿನಾಚೆ, ಆ ಮುಖ. ಕೊನೆಯ ಗಂಟೆ ಹೊಡೆದಿದೆ, ಹುಡುಗಿಯರೆಲ್ಲ ಬಾಗಿಲಿಗೆ ಬಂದಿದ್ದಾರೆ, ಬಾಗಿಲಲ್ಲಿ ಟೀಚರು ಅಡ್ಡ ನಿಂತಿದ್ದಾಳೆ, ನಲವತ್ತೊಂದು ವರ್ಷ. ನಾನು ಎರಡೂ ಕೈಯಿಂದ ನನ್ನ ದವಡೆ ಹಿಡಿದುಕೊಂಡೆ. ಬಾಯಿ ತೆರೆದೇ ಇಟ್ಟುಕೊಂಡೆ. ಉಸಿರು ಮುಗಿಯಿತು, ಆದರೂ ತೆರೆದೇ ಇಟ್ಟುಕೊಂಡೆ. ಗಲ್ಲದ ಮೇಲೆ ಜೊಲ್ಲು ಇಳಿಯಿತು. ಹಿತ್ತಲಾಚೆಯ ಮನೆಯ ಕಿಟಕಿಯಲ್ಲಿ ದೀಪ ಕಂಡಿತು, ಆಮೇಲೆ ಅದರ ಪಕ್ಕದ ಮನೆಯಲ್ಲಿ, ಆಮೇಲೆ ಓಣಿಯುದ್ದಕ್ಕೂ.

ಬೆವರ ಹನಿ ಜಾರಿತು. ಕಾಲರಿನೊಳಗೆ ಹೋಯಿತು.

ಎತ್ತಿದ ಕಾಲು ಮೆಟ್ಟಿಲಿಗೆ ಇಳಿಯಿತು. ಆ ಸದ್ದು, ಒಣಗಿದ ಚಪ್ಪಲಿ ಕಲ್ಲಿಗೆ ತಾಗುವ ಸದ್ದು, ನಾನು ಹುಟ್ಟಿದಾಗಿನಿಂದ ಕೇಳುತ್ತಲೇ ಇದ್ದೆ ಅನ್ನಿಸಿತು. ಎಡಗಾಲು ಹೊಸ್ತಿಲು ದಾಟಿತು. ಬಾಗಿಲು ತುಂಬ ಆಕಾಶ ಕಂಡಿತು. ನಾನು ಹೊಸ್ತಿಲಿಗೆ ಓಡಿದೆ, ದಾಟಲಿಲ್ಲ. ಅಪ್ಪ ನಗುತ್ತಲೇ ನಡೆಯುತ್ತಿದ್ದರೆಂದು ಅಲುಗುವ ಭುಜದಿಂದ ತಿಳಿಯಿತು. ಮೂರನೆಯ ಹೆಜ್ಜೆಗೆ ಅವರ ಕೂದಲು ಬೆಳ್ಳಗಾಯಿತು. ಐದನೆಯದಕ್ಕೆ ಬೆನ್ನು ಬಾಗಿತು, ನಾನು ನನ್ನ ಎತ್ತರ ಅಳೆದುಕೊಂಡ ಆ ಬೆನ್ನು. ಅಂಗಿ ಮೈಮೇಲೆ ಸಡಿಲವಾಯಿತು. ಚೀಲ ಭಾರವಾಯಿತೋ ಏನೋ, ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. ಏಳನೆಯ ಹೆಜ್ಜೆ ಬಹಳ ನಿಧಾನವಾಗಿತ್ತು. ಗೇಟಿನ ಚಿಲಕ ತೆಗೆದರು. ಗೇಟು ತೆರೆಯಿತು. ಅದರಾಚೆಯ ಓಣಿಗೆ ಹೋದರು.

ನಾನು ಸಂದಿಯಿಂದ ಸುತ್ತಿ ಹೋದೆ. ಬಾಗಿಲಿನಿಂದ ಹೋಗಬಹುದೆಂದು ಹೊಳೆಯಲಿಲ್ಲ. ಓಣಿ ಎರಡೂ ಕಡೆ ನೇರವಾಗಿದೆ, ಮುದುಕರಾದವರು ಕಣ್ಮರೆಯಾಗುವಷ್ಟು ಹೊತ್ತಾಗಿರಲಿಲ್ಲ. ಯಾರೂ ಇರಲಿಲ್ಲ. ಗೇಟಿನ ಚಿಲಕಕ್ಕೆ ಟೇಪು ತೂಗುತ್ತಿತ್ತು, ಎರಡು ತುದಿ ಸಮವಾಗಿ.

ಒಂಬತ್ತನೆಯ ದಿನ ಅವ್ವ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಬಂದಳು. ಆ ಹೊತ್ತಿಗೆ ಹಿತ್ತಲ ಬಾಗಿಲನ್ನು ಮುಚ್ಚಲು ನೋಡಿ ಸೋತಿದ್ದೆ. ಮರ ಉಬ್ಬಿ ಚೌಕಟ್ಟಿಗೆ ಕೂರುತ್ತಿರಲಿಲ್ಲ. ಅವಳು ಚಾವಡಿಯಲ್ಲಿ ಕೂತು ಮನೆಯೊಳಗಿನ ಗಾಳಿಗೆ ಮುಖ ಒಡ್ಡಿದಳು. ಅವಳಿಗೆ ತಿಳಿಯಿತು.

‘ತಿರುಗಿ ನೋಡಿದ್ರಾ?’

‘ಇಲ್ಲವ್ವ.’

‘ನಗು ನಿಂತಿತ್ತಾ?’

‘ಇಲ್ಲ.’

ಅವಳು ತಲೆಯಾಡಿಸಿದಳು. ಒಳ್ಳೇದಾಯ್ತು ಎಂದೋ ಅಯ್ಯೋ ಎಂದೋ ನನಗೆ ಗೊತ್ತಾಗಲಿಲ್ಲ. ಅವಳೇ ಹಸಿರು ಬಟ್ಟೆ ಬಿಚ್ಚಿದಳು. ಹಿತ್ತಲ ಬಾಗಿಲಿನ ಕಡೆ ನೋಡುತ್ತಾಳೆಂದುಕೊಂಡೆ. ನೋಡಲಿಲ್ಲ. ಇತ್ತ ಬಾ, ಬೆಳಕಿಗೆ ಬಾ ಎಂದು ನನ್ನನ್ನು ಕರೆದಳು. ಗಲ್ಲ ಹಿಡಿದು ಮುಖ ಎತ್ತಿ, ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ನನ್ನ ಬೈತಲೆಯ ಮೇಲೆ ಬೆರಳಿಟ್ಟಳು.

‘ಯಾವಾಗ ಇಷ್ಟು ನರೆತೆ?’ ಎಂದಳು. ‘ನಾನು ನೋಡ್ಲೇ ಇಲ್ವಲ್ಲೇ.’

ಇದಾಗಿ ಎಂಟು ತಿಂಗಳು. ಪಾರಿಜಾತ ಈಗಲೂ ಕಿಟಕಿಯ ಹತ್ತಿರ ಬರುತ್ತಾಳೆ. ಹೋದ ವಾರ ಹುಡುಗಿಯರು ಪುಟ ತೆರೆದಾಗ ಮೊದಲನೆಯ ಅರ್ಥವನ್ನು ಮೂರು ಸಲ ಓದಿಸಿದೆ. ಅವ್ವನ ಕಣ್ಣು ಚೆನ್ನಾಗಿದೆ, ಸೂಜಿಗೆ ದಾರ ಪೋಣಿಸುತ್ತಾಳೆ. ಆದರೆ ನಲವತ್ತೊಂದು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ. ಸಂಜೆ ಮುಖ ತೊಳೆಯುತ್ತಾಳೆ, ಕುಂಕುಮ ಇಟ್ಟುಕೊಳ್ಳುತ್ತಾಳೆ, ಕಂಬದ ಹತ್ತಿರ ತನ್ನ ಸವೆದ ಜಾಗದಲ್ಲಿ ನಿಂತು ನನ್ನನ್ನು ಕರೆಯುತ್ತಾಳೆ. ನಾನು ಹೋಗಿ ಎದುರಿಗೆ ನಿಲ್ಲುತ್ತೇನೆ. ಅವಳು ನೋಡುತ್ತಾಳೆ. ಇಷ್ಟು ವರ್ಷ ಯಾರಾದರೂ ನನ್ನನ್ನು ಹಾಗೆ ನೋಡಲಿ ಎಂದು ಬಯಸಿದ್ದೆ, ಹಾಗಾಗಿ ಬೇಡ ಎನ್ನಲು ಬಾಯಿ ಬರುವುದಿಲ್ಲ. ಒಮ್ಮೊಮ್ಮೆ ಅವಳ ತುಟಿ ಅಲುಗುತ್ತದೆ. ಅವಳ ಮಾತು ಮುಗಿದಿದೆ, ಇನ್ನು ಏನು ಹೇಳಿದರೂ ಬರೀ ಗಾಳಿ ಎಂದು ಈ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತು, ಅದನ್ನು ಪಾಠ ಮಾಡುವವಳೇ ನಾನು.

ದೀಪ ಹಚ್ಚಿ ತಿರುಗಿದ ಮೇಲೆ, ಅವಳಿಗೆ ಕಾಣದ ಹಾಗೆ, ನಾನು ಒಂದು ಕಾಲನ್ನು ನೆಲದಿಂದ ನಾಲ್ಕು ಬೆರಳು ಎತ್ತಿ ನೋಡಿಕೊಳ್ಳುತ್ತೇನೆ. ಇಲ್ಲಿಯವರೆಗೆ ಪ್ರತಿ ಸಲವೂ ಅದು ಕೆಳಗೆ ಬಂದಿದೆ.